ಕ್ಯಾಮೆರಾದ ನೆತ್ತಿಗೊಂದು ಕಿಂಡಿ

ಕ್ಯಾಮೆರಾ ಎಂದರೆ ಕಣ್ಣಿಗೆ ಒತ್ತಿ ಹಿಡಿಯುವ ವಸ್ತು ಎಂದು ತಿಳಿದೇ ನಾವು ಬೆಳೆದೆವು. ನಮ್ಮ ಮನೆಯಲ್ಲಿ ಒಂದು ಆಗ್ಫಾ ಕ್ಲಿಕ್-3 ಇತ್ತು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಹಬ್ಬಕ್ಕೋ ಮದುವೆಗೋ ಅದು ಬೀರುವಿನಿಂದ ಹೊರಬಂದಾಗ, ಅಣ್ಣ ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಅದರ ಪುಟ್ಟ ಗಾಜಿನೊಳಗೆ ಇಣುಕುವ ಗಾಂಭೀರ್ಯವನ್ನು ಕಂಡು ಎದುರಿಗೆ ನಿಂತವರೂ ಉಸಿರು ಬಿಗಿಹಿಡಿಯುತ್ತಿದ್ದರು. ಈಚಿನ ಚಿಕ್ಕ ಡಿಜಿಟಲ್ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಆ ಗಾಜೇ ಇಲ್ಲ. ಬೆನ್ನ ಮೇಲೊಂದು ಪರದೆ ಇದೆ. ಅದನ್ನು ತೋಳು ಚಾಚಿ ಮುಂದೆ ಹಿಡಿದು, ಕತ್ತನ್ನು ಹಿಂದಕ್ಕೆಳೆದುಕೊಂಡು, ಕನ್ನಡಕ ಮರೆತು ಬಂದ ಜೋಯಿಸರು ಪಂಚಾಂಗ ನೋಡುವ ಭಂಗಿಯಲ್ಲಿ ಚಿತ್ರ ತೆಗೆಯಬೇಕು.

ಈ ಹೋಲಿಕೆಯನ್ನು ಬರಿಯ ತಮಾಷೆಗೆ ಹೇಳುತ್ತಿಲ್ಲ. ಚಾಳೀಸು ಎಂಬ ಮಾತು ನಮ್ಮಲ್ಲಿದೆಯಷ್ಟೆ. ನಲವತ್ತು ಎಂಬ ಅರ್ಥದ ಪದ ಕನ್ನಡಕಕ್ಕೇ ಹೆಸರಾಗಿ ನಿಂತಿದೆ. ಆ ವಯಸ್ಸು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ತನ್ನ ಮೆದುತನವನ್ನು ಕಳೆದುಕೊಳ್ಳುತ್ತ ಹೋಗುತ್ತದೆ, ಹತ್ತಿರದ್ದು ಮಸಕಾಗುತ್ತದೆ. ಅರವತ್ತು ದಾಟಿದ ನನಗೆ ಎದುರಿನ ಮನುಷ್ಯ ಸ್ಪಷ್ಟ, ಕೈಯಲ್ಲಿರುವ ಪರದೆ ಅಸ್ಪಷ್ಟ. ಪರದೆಗೆಂದು ಓದುವ ಕನ್ನಡಕ ಏರಿಸಿದರೆ ಮನುಷ್ಯನೇ ಅಸ್ಪಷ್ಟ. ಇದರ ಮೇಲೆ ನಮ್ಮ ನಾಡಿನ ಬಿಸಿಲು.

ಕೆಲವು ವರ್ಷಗಳ ಹಿಂದೆ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ನಡುಹಗಲು. ಅಕ್ಕನೂ ಭಾವನವರೂ ಅಂಗಳದಲ್ಲಿ ಹರವಿದ್ದ ರಾಗಿಯ ಪಕ್ಕದಲ್ಲಿ ನಿಂತಿದ್ದರು. ಎಂದೂ ಕೇಳದ ಭಾವನವರು ಅಂದು ತಾವಾಗಿಯೇ, "ನಮ್ಮಿಬ್ಬರದೂ ಒಂದು ತೆಗೆಯಪ್ಪ" ಎಂದರು. ಪರದೆಯಲ್ಲಿ ನನಗೆ ಕಂಡದ್ದು ನನ್ನದೇ ಮುಖದ ನೆರಳು ಮತ್ತು ಒಂದಿಷ್ಟು ಆಕಾಶ. ಅಂದಾಜಿನ ಮೇಲೆ ಮೂರು ಬಾರಿ ಗುಂಡಿ ಒತ್ತಿದೆ. ಸಂಜೆ ಒಳಗೆ ಕುಳಿತು ನೋಡಿದರೆ ಮೂರರಲ್ಲೂ ಅಕ್ಕ ಪೂರ್ತಿಯಾಗಿದ್ದಾಳೆ, ರಾಗಿಯೂ ಪೂರ್ತಿಯಾಗಿದೆ. ಚಿತ್ರದ ಅಂಚು ಮಾತ್ರ ಭಾವನವರ ಮುಖದ ನಡುವೆಯೇ ಹಾದುಹೋಗಿದೆ. ಮುಂದಿನ ಸಲ ಸರಿಯಾಗಿ ತೆಗೆದರಾಯಿತು ಎಂದುಕೊಂಡೆ. ಆ ಮಳೆಗಾಲದಲ್ಲಿ ಭಾವನವರು ತೀರಿಕೊಂಡರು.

ಹೊರಗಿನಿಂದ ಜೋಡಿಸುವ ವ್ಯೂಫೈಂಡರಿನ ಹುಡುಕಾಟಕ್ಕೆ ನಾನು ತೊಡಗಿದ್ದು ಹೀಗೆ. ಹೆಬ್ಬೆರಳ ಗಾತ್ರದ ಗಾಜಿನ ಕೊಳವೆ ಅದು. ಅದನ್ನು ಕಿಂಡಿ ಎಂದೇ ಕರೆಯುತ್ತೇನೆ; ಉಡುಪಿಯಲ್ಲಿ ಕನಕನ ಕಿಂಡಿಯನ್ನು ಕಂಡ ನಾಡಿನವರಿಗೆ ಬೇರೆ ಪದ ಟಂಕಿಸುವ ಆವಶ್ಯಕತೆ ಇಲ್ಲ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲಾಷ್ ಸಿಕ್ಕಿಸಲು ಒಂದು ಲೋಹದ ತೋಡು ಇರುತ್ತದಲ್ಲ, ಕಿಂಡಿ ಕೂರುವುದು ಅಲ್ಲಿಯೇ. ಆ ತೋಡಿಗೆ ಇಂಗ್ಲಿಷರು ಶೂ ಎಂದು ಹೆಸರಿಟ್ಟಿದ್ದಾರೆ. ಪಾದರಕ್ಷೆಯನ್ನು ತಲೆಯ ಮೇಲೆ ಹೊತ್ತವನು ಭರತನೊಬ್ಬನೇ ಎಂದುಕೊಂಡಿದ್ದೆ.

ವಸ್ತು ಹೊಸದೇನಲ್ಲ. 1925ರಲ್ಲಿ ಜರ್ಮನಿಯ ಲೈಕಾ ಮಾರುಕಟ್ಟೆಗೆ ಬಂದು, ಮುಂದೆ ಅದಕ್ಕೆ ಬೇರೆ ಬೇರೆ ಮಸೂರಗಳನ್ನು ತೊಡಿಸುವ ಏರ್ಪಾಡಾದಾಗ, ಒಂದೊಂದು ಮಸೂರಕ್ಕೆ ಒಂದೊಂದು ಕಿಂಡಿ ಬೇಕಾಯಿತು. 1954ರ ಲೈಕಾ ಎಂ-3 ಕ್ಯಾಮೆರಾ 50, 90, 135 ಮಿಲಿಮೀಟರ್ ಮಸೂರಗಳ ಚೌಕಟ್ಟುಗಳನ್ನು ತನ್ನ ಹೊಟ್ಟೆಯೊಳಗೇ ಅಡಗಿಸಿಕೊಂಡಿತು. ಆದರೆ ಅಗಲನೋಟದ ಮಸೂರಗಳಿಗೆ ಹೊರಗಿನ ಕಿಂಡಿಯ ಬಾಳಿಕೆ ಮುಗಿಯಲಿಲ್ಲ. 2005ರಲ್ಲಿ ರಿಕೋ ಜಿ.ಆರ್. ಡಿಜಿಟಲ್, 2008ರಲ್ಲಿ ಸಿಗ್ಮಾ ಡಿ.ಪಿ.1, 2009ರಲ್ಲಿ ಲೈಕಾ ಎಕ್ಸ್-1 ಬಂದಾಗ, ಜೇಬಿಗೆ ಹಿಡಿಯುವ ಈ ಡಿಜಿಟಲ್ ಕ್ಯಾಮೆರಾಗಳಿಗೆ ತಯಾರಕರೇ ಜೊತೆಗಿಂಡಿಗಳನ್ನು ಮಾಡಿ ಕೊಟ್ಟರು. ಇವುಗಳ ಮಸೂರ ಸ್ಥಿರ. ಹಿಗ್ಗುವ ಕುಗ್ಗುವ ಜೂಮ್ ಇಲ್ಲ. ಜೂಮ್ ಇರುವ ಕ್ಯಾಮೆರಾದ ಮೇಲೆ ಇಂಥ ಕಿಂಡಿ ಇಟ್ಟವರು ಜೂಮನ್ನು ಒಂದೇ ಅಳತೆಗೆ ನಿಲ್ಲಿಸಿ, ಅದನ್ನು ಮುಟ್ಟೆನೆಂದು ವ್ರತ ತೊಡಬೇಕಾಗುತ್ತದೆ.

ಕಿಂಡಿಗಳಲ್ಲಿ ಬಗೆಗಳಿವೆ. ಮುಂದೆ ಒಂದು ನಿಮ್ನ ಮಸೂರ, ಹಿಂದೆ ಒಂದು ಪೀನ ಮಸೂರ ಇಟ್ಟರೆ ದೂರದರ್ಶಕವನ್ನು ತಿರುಗುಮುರುಗು ಹಿಡಿದಂತಾಗಿ ದೃಶ್ಯ ಕುಗ್ಗಿ, ಬೆಳಕಾಗಿ ಕಾಣುತ್ತದೆ. ಇದು ಸರಳವಾದದ್ದು. ಆದರೆ ಕಣ್ಣು ಅತ್ತಿತ್ತ ಸರಿದರೆ ಅಂಚೂ ಸರಿಯುತ್ತದೆ. ಚಿತ್ರದ ಎಲ್ಲೆ ಯಾವುದೆಂಬ ಖಾತ್ರಿಯಿಲ್ಲ. ಹಾಲೆಂಡಿನ ವಾನ್ ಅಲ್ಬಾಡ ಎಂಬಾತ ಇದಕ್ಕೆ ಸೊಗಸಾದ ಪರಿಹಾರ ಕಂಡುಹಿಡಿದ. ಕಣ್ಣಿನ ಕಡೆಯ ಮಸೂರದ ಸುತ್ತ ಬಿಳಿಯ ಚೌಕಟ್ಟೊಂದನ್ನು ಬರೆದು, ಮುಂದಿನ ಮಸೂರದ ಒಳಮೈಗೆ ಅರೆಪಾರದರ್ಶಕವಾದ ತೆಳುಲೇಪ ಕೊಟ್ಟರೆ, ಆ ಬಾಗಿದ ಮೈ ದರ್ಪಣದಂತೆ ವರ್ತಿಸಿ ಚೌಕಟ್ಟಿನ ಬಿಂಬವನ್ನು ಕಣ್ಣಿಗೆ ಹಿಂದಿರುಗಿಸುತ್ತದೆ. ಚೌಕಟ್ಟು ಇರುವುದು ಕಣ್ಣಿನಿಂದ ಎರಡು ಬೆರಳು ದೂರದಲ್ಲಿ. ಕಾಣುವುದು ಮಾತ್ರ ದೂರದ ದೃಶ್ಯದ ಮೇಲೆ ತೇಲುತ್ತಿರುವಂತೆ. ಅಂದರೆ ಮುಪ್ಪಿನ ಕಣ್ಣು ಅದನ್ನು ಓದುವ ಕನ್ನಡಕವಿಲ್ಲದೆ ನೋಡಬಲ್ಲುದು. ಮೊದಲ ಬಾರಿ ಅಂಥದ್ದರಲ್ಲಿ ಇಣುಕಿದಾಗ, ಬಿಳಿಯ ಗೆರೆಯೂ ಎದುರಿನ ತೆಂಗಿನ ಮರವೂ ಒಟ್ಟಿಗೇ ಸ್ಪಷ್ಟವಾಗಿ ಕಂಡದ್ದನ್ನು ನಾನು ಮರೆತಿಲ್ಲ. ಕೊರತೆಯೂ ಉಂಟು. ಲೇಪದಿಂದಾಗಿ ನೋಟ ತುಸು ಮಂಕು, ಮುಸ್ಸಂಜೆಯಲ್ಲಿ ಬಿಳಿಯ ಗೆರೆಯೂ ಮಂಕು.

ಇನ್ನೊಂದು ಬಗೆಯದು ರಷ್ಯದ ತಿರುಗುಗಿಂಡಿ. 28, 35, 50, 85, 135 ಎಂದು ಐದು ಪುಟ್ಟ ಮಸೂರಗಳನ್ನು ತಿರುಗಣಿಯಲ್ಲಿ ಜೋಡಿಸಿರುತ್ತಾರೆ. ಐದು ಕಿಂಡಿಗಳ ಕೆಲಸ ಒಂದರಿಂದಲೇ ಆಯಿತಲ್ಲ ಎಂದು ನಾನು ಮೊದಲು ಕೊಂಡದ್ದು ಇದನ್ನೇ, ಸೆಕೆಂಡ್ ಹ್ಯಾಂಡ್. ಗೋಪುರದಂಥ ವಸ್ತು. ಅದನ್ನು ಹೊತ್ತ ನನ್ನ ಪುಟ್ಟ ಕ್ಯಾಮೆರಾ, ತೇರು ಹೊತ್ತ ಇಲಿಯಂತೆ ಕಾಣುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಕಣ್ಣಿಡುವ ತೂತು ಬಹಳ ಕಿರಿದು. ಕನ್ನಡಕದ ಮೂಲಕ ನೋಡಿದರೆ ನಡುಭಾಗ ಕಾಣುತ್ತಿತ್ತೇ ಹೊರತು ಮೂಲೆಗಳು ಕಾಣುತ್ತಿರಲಿಲ್ಲ. ಮೂಲೆ ಕಾಣದ ಕಿಂಡಿಗೂ ಬಿಸಿಲಿನ ಪರದೆಗೂ ಏನು ಭೇದ? ಸಾಲದೆಂಬಂತೆ ಅದರ ಲೋಹದ ಅಂಚು ಕನ್ನಡಕದ ಗಾಜಿನ ಮೇಲೆ ಒಂದು ಗೀರನ್ನೂ ಕಾಣಿಕೆಯಾಗಿ ಕೊಟ್ಟಿತು. ಆದ್ದರಿಂದ ಕನ್ನಡಕದವರು ಕೊಳ್ಳುವ ಮುನ್ನ ತಮ್ಮ ಕನ್ನಡಕ ಹಾಕಿಕೊಂಡೇ ಇಣುಕಿ, ನಾಲ್ಕು ಮೂಲೆಗಳೂ ಒಂದೇ ನೋಟಕ್ಕೆ ಸಿಗುತ್ತವೆಯೇ, ಅಂಚಿಗೆ ರಬ್ಬರಿನ ಬಳೆ ಇದೆಯೇ ಎಂದು ನೋಡಿಕೊಳ್ಳಬೇಕು. ಬಣ್ಣ, ಬ್ರಾಂಡು, ಬೆಲೆ ಎಲ್ಲ ಆಮೇಲಿನ ಮಾತು.

ಅಳತೆಯ ವಿಷಯದಲ್ಲಿ ಕಿಂಡಿ ಮಸೂರಕ್ಕೆ ಸರಿಜೋಡಿಯಾಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. 36ರ ಮಸೂರಕ್ಕೆ 35ರ ಕಿಂಡಿ ಇಟ್ಟರೆ ನಷ್ಟವೇನಿಲ್ಲ. 28ರ ಮಸೂರಕ್ಕೆ 35ರದ್ದನ್ನು ಇಟ್ಟರೆ, ಮೂರು ಮೀಟರ್ ದೂರದಲ್ಲಿ ನೀವು ಮೂರು ಮೀಟರ್ ಅಗಲ ನೋಡುತ್ತಿದ್ದಾಗ ಕ್ಯಾಮೆರಾ ಸುಮಾರು 3.9 ಮೀಟರ್ ನೋಡುತ್ತಿರುತ್ತದೆ. ಕರೆಯದ ನೆಂಟರು ಚಿತ್ರದೊಳಗೆ ಬಂದು ಕೂರುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಹಳೆಯ ಕಿಂಡಿಗಳ ಚೌಕಟ್ಟು ಫಿಲ್ಮಿನ ಕಾಲದ್ದು, ಅಗಲ ಮೂರು ಪಾಲಿಗೆ ಎತ್ತರ ಎರಡು ಪಾಲು. ಹಲವು ಚಿಕ್ಕ ಕ್ಯಾಮೆರಾಗಳ ಚಿತ್ರ ನಾಲ್ಕಕ್ಕೆ ಮೂರು. ಅಲ್ಲಿ ಕಿಂಡಿ ತೋರಿಸಿದ ಬದಿಗಳಲ್ಲಿ ಸ್ವಲ್ಪ ಕಳೆದುಹೋಗಿ, ಮೇಲೆ ಕೆಳಗೆ ಸ್ವಲ್ಪ ಹೆಚ್ಚು ಸೇರುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕಿಂಡಿ ಸುಳ್ಳು ಹೇಳುತ್ತದೆ. ಕಿಂಡಿಯ ಕಣ್ಣು ಮೇಲಿದೆ, ಮಸೂರದ ಕಣ್ಣು ಕೆಳಗಿದೆ. ನನ್ನ ಕ್ಯಾಮೆರಾದಲ್ಲಿ ನಡುವಿನ ಅಂತರ ಸುಮಾರು ಐದು ಸೆಂಟಿಮೀಟರ್. ಎರಡೂ ಸಮಾಂತರವಾಗಿ ನೋಡುವುದರಿಂದ, ಕಿಂಡಿ ತೋರಿಸಿದ್ದಕ್ಕಿಂತ ಐದು ಸೆಂಟಿಮೀಟರ್ ಕೆಳಗಿನದನ್ನು ಮಸೂರ ಹಿಡಿಯುತ್ತದೆ. ಇದಕ್ಕೆ ಪ್ಯಾರಲ್ಯಾಕ್ಸ್ ಎನ್ನುತ್ತಾರೆ. ಐದು ಸೆಂಟಿಮೀಟರ್ ಎಷ್ಟು ದೊಡ್ಡ ಸುಳ್ಳು ಎಂಬುದು ನೀವು ಎಷ್ಟು ದೂರದಲ್ಲಿ ನಿಂತಿದ್ದೀರಿ ಎಂಬುದರ ಮೇಲಿದೆ. 28ರ ಮಸೂರ ಮೂರು ಮೀಟರ್ ದೂರದಲ್ಲಿ ಎರಡೂವರೆ ಮೀಟರಿಗೂ ಹೆಚ್ಚು ಎತ್ತರವನ್ನು ಹಿಡಿಯುತ್ತದೆ. ಅದರಲ್ಲಿ ಐದು ಸೆಂಟಿಮೀಟರ್ ನೂರಕ್ಕೆ ಎರಡು ಪಾಲು, ಲೆಕ್ಕಕ್ಕಿಲ್ಲ. ಒಂದು ಮೀಟರಿನಲ್ಲಿ ಎತ್ತರ 86 ಸೆಂಟಿಮೀಟರ್; ನೂರಕ್ಕೆ ಆರು ಪಾಲು ತಪ್ಪು, ಮುಡಿದ ಹೂವು ಹೋಗುತ್ತದೆ. 30 ಸೆಂಟಿಮೀಟರಿಗೆ ಬಂದರೆ ಎತ್ತರ 26 ಸೆಂಟಿಮೀಟರ್ ಮಾತ್ರ. ಐದರಲ್ಲಿ ಒಂದು ಪಾಲು ಹೋಯಿತು. ಕೆಲವು ಕಿಂಡಿಗಳಲ್ಲಿ ಮೇಲಿನ ಗೆರೆಯ ಕೆಳಗೆ ಇನ್ನೊಂದು ಮೋಟುಗೆರೆ ಇರುತ್ತದೆ. ಹತ್ತಿರದ ಚಿತ್ರಕ್ಕೆ ಅದನ್ನೇ ಮೇಲಂಚು ಎಂದು ತಿಳಿಯಬೇಕು. ಕ್ಯಾಮೆರಾವನ್ನು ಉದ್ದುದ್ದ ಹಿಡಿದರೆ ಇದೇ ತಪ್ಪು ಪಕ್ಕಕ್ಕೆ ತಿರುಗುತ್ತದೆ. ತೋಡು ಮಸೂರದ ನೇರ ಮೇಲಿರದೆ ಒಂದು ಬದಿಗಿರುವ ಕ್ಯಾಮೆರಾಗಳಲ್ಲಂತೂ ಮೇಲಿನ ತಪ್ಪೂ ಪಕ್ಕದ ತಪ್ಪೂ ಒಟ್ಟಿಗೇ ಕಾಡುತ್ತವೆ.

ಹಾಗಾಗಿ, ಯಾವ ಕಿಂಡಿ ಕೊಳ್ಳಲಿ ಎಂದು ನನ್ನನ್ನು ಕೇಳುವವರಿಗೆ, ನೀವು ಏನನ್ನು, ಎಷ್ಟು ದೂರದಿಂದ ತೆಗೆಯುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಅಧ್ಯಾಪಕ ವೃತ್ತಿಯ ಉಳಿಕೆಯಾಗಿ ನನಗೆ ವೀರಗಲ್ಲು, ಶಾಸನಗಳ ಹುಚ್ಚಿದೆ. ಸವೆದ ಶಾಸನದ ಒಂದೊಂದು ಸಾಲನ್ನು ಮೊಳದ ದೂರದಿಂದ ಹಿಡಿಯುವಾಗ ಕಿಂಡಿಯನ್ನು ನಂಬಿದರೆ ಮೇಲಿನ ಸಾಲು ಹಾರಿಹೋಗಿ ಪಾಠವೇ ಕೆಡುತ್ತದೆ. ಅಲ್ಲಿ ನಾನು ಓದುವ ಕನ್ನಡಕ ಹಾಕಿ, ಕಪ್ಪು ಬಟ್ಟೆ ಮರೆಹಿಡಿದು, ಪರದೆಯನ್ನೇ ನೋಡುತ್ತೇನೆ. ಪರದೆ ತೋರಿಸುವುದು ಮಸೂರ ಕಂಡದ್ದನ್ನೇ. ಕೆಲವು ಕ್ಯಾಮೆರಾಗಳಿಗೆ ಇದೇ ತತ್ತ್ವದ ವಿದ್ಯುತ್ ಕಿಂಡಿಯನ್ನೂ ಸಿಕ್ಕಿಸಬಹುದು. ಅದಕ್ಕೆ ಪ್ಯಾರಲ್ಯಾಕ್ಸಿನ ಬಾಧೆಯಿಲ್ಲ. ಹತ್ತಿರದ ಕೆಲಸವೇ ಹೆಚ್ಚು ಇರುವವರು ಅದನ್ನು ಕೊಳ್ಳಲಿ. ನನಗೆ ಅದರೊಳಗೆ ಮನುಷ್ಯರನ್ನು ನೋಡಿದರೆ ಟೆಲಿವಿಷನ್ನಿನಲ್ಲಿ ನೋಡಿದಂತಾಗುತ್ತದೆ.

ಗಾಜಿನ ಕಿಂಡಿ ಚೌಕಟ್ಟಿನ ಹೊರಗಿನದನ್ನೂ ತೋರಿಸುತ್ತದೆ. ಓಡಿಬರುತ್ತಿರುವ ಮಗು ಚಿತ್ರದೊಳಕ್ಕೆ ಕಾಲಿಡುವ ಮುನ್ನವೇ ನನಗೆ ಕಾಣುತ್ತದೆ. ಆದರೆ ಯಾವುದು ನಾಭಿಗೆ ಬಂದಿದೆ, ಬೆಳಕು ಸಾಕೇ, ಒಂದನ್ನೂ ಅದು ಹೇಳದು. ಕ್ಯಾಮೆರಾ ಪಕ್ಕದ ಕಂಬಕ್ಕೆ ಫೋಕಸ್ ಮಾಡಿಕೊಂಡು ಕುಳಿತಿದ್ದರೂ ಕಿಂಡಿಯೊಳಗೆ ಎಲ್ಲವೂ ಸ್ಪಷ್ಟ. ಇದಕ್ಕೆ ನಾನು ಕಂಡುಕೊಂಡ ಉಪಾಯ ಹಳೆಯದು. ನನ್ನ ಕ್ಯಾಮೆರಾದ ಮಸೂರದ ನಿಜವಾದ ಸಂಗಮದೂರ ಸುಮಾರು 18 ಮಿಲಿಮೀಟರ್. ರಂಧ್ರವನ್ನು ಎಫ್-8ಕ್ಕೆ ಕಿರಿದುಮಾಡಿ, ದೂರವನ್ನು ಎರಡೂವರೆ ಮೀಟರಿಗೆ ನಿಲ್ಲಿಸಿಬಿಟ್ಟರೆ, ಹೆಚ್ಚುಕಡಿಮೆ ಒಂದೂಕಾಲು ಮೀಟರಿನಿಂದ ದಿಗಂತದವರೆಗೆ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಬಿಸಿಲಿನಲ್ಲಿ ಇಷ್ಟು ಸಾಕು. ಪರದೆಯನ್ನು ಆರಿಸಿದರೆ ಬ್ಯಾಟರಿಗೂ ವಿಶ್ರಾಂತಿ.

ಕೊನೆಗೆ ನನ್ನ ಪಾಲಿಗೆ ಉಳಿದದ್ದು 28ರ ಒಂದೇ ಚೌಕಟ್ಟಿನ, ಅಲ್ಬಾಡನ ಬಗೆಯ, ರಬ್ಬರು ಬಳೆಯಿರುವ ಒಂದು ಸಣ್ಣ ಕಿಂಡಿ. ಕಳೆದ ಸುಗ್ಗಿಯಲ್ಲಿ ಅದನ್ನು ತೆಗೆದುಕೊಂಡು ಊರಿಗೆ ಹೋದೆ. ಅದೇ ಅಂಗಳ, ಅದೇ ನಡುಹಗಲು. ಅಕ್ಕ ಒಬ್ಬಳೇ ರಾಗಿಯ ಪಕ್ಕದಲ್ಲಿ ಕುಳಿತಿದ್ದಳು. ಮೂರು ಮೀಟರ್ ದೂರಕ್ಕೆ ಸರಿದು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡೆ. ಬಿಳಿಯ ಗೆರೆಗಳ ನಡುವೆ ಅವಳ ಮುಖದ ಸುಕ್ಕುಗಳೂ ಕಾಣುತ್ತಿದ್ದವು. ಅವಳು ನನ್ನನ್ನೇ ನೋಡುತ್ತಿದ್ದು, "ಅವತ್ತೂ ಹೀಗೇ ಕಣ್ಣಿಗಿಟ್ಟುಕೊಂಡು ತೆಗೀಬಾರದಾಗಿತ್ತೇನೋ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಗುಂಡಿ ಒತ್ತಿದೆ. ಅವಳ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಚೌಕಟ್ಟಿನೊಳಗೆ ಉಳಿದಿತ್ತು, ಬೇಕೆಂದು ಬಿಟ್ಟದ್ದಲ್ಲ.

ಕಿಂಡಿಯನ್ನು ತೋಡಿನಲ್ಲಿ ಹಿಡಿದಿಡುವ ತಿರುಪು ಯಾವುದೂ ಇಲ್ಲ. ಬರಿಯ ಬಿಗಿತದ ಮೇಲೆ ನಿಂತಿರುತ್ತದೆ. ಆ ಪಯಣದಲ್ಲಿ ಬಸ್ಸು ಇಳಿಯುವಾಗ ಎರಡು ಬಾರಿ ಜಾರಿ ಅಂಗೈಗೆ ಬಂತು. ಈಗ ಅದಕ್ಕೊಂದು ಕಪ್ಪು ದಾರ ಕಟ್ಟಿ ಕ್ಯಾಮೆರಾದ ಪಟ್ಟಿಗೆ ಗಂಟು ಹಾಕಿದ್ದೇನೆ. ದಾರ ಅಕ್ಕನೇ ಕೊಟ್ಟದ್ದು.