ಪಿಟೀಲು ನಮ್ಮದಲ್ಲವೆ?



ಪಾಶ್ಚಾತ್ಯ ವಾದ್ಯವೃಂದದ ಕಚೇರಿಯೆಂದರೆ "ಅದು ನಮ್ಮದಲ್ಲ" ಎನ್ನುವವರು ನಮ್ಮ ಲಕ್ಷ್ಮೀ ನಗರದಲ್ಲೂ ಉಂಟು. ಅವರು ಗಲ್ಲಕ್ಕೊತ್ತಿ ನುಡಿಸುವ ಪಿಟೀಲನ್ನೇ ಅಲ್ಲವೆ ನಾವು ನೆಲದ ಮೇಲೆ ಕುಳಿತು, ತುದಿಯನ್ನು ಪಾದಕ್ಕಾನಿಸಿ, ಷಡ್ಜ ಪಂಚಮಗಳಿಗೆ ಶ್ರುತಿಮಾಡಿ ನಮ್ಮದಾಗಿಸಿಕೊಂಡದ್ದು? ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಹಿಂದೆ ಕುಳಿತವರಿಗೂ ನಾದ ಮುಟ್ಟಲೆಂದು ಮೈಸೂರು ಚೌಡಯ್ಯನವರು ಅದಕ್ಕೆ ಏಳು ತಂತಿ ಬಿಗಿದರು. ಇನ್ನು ಜಯಚಾಮರಾಜ ಒಡೆಯರು! 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳ ಮೊದಲ ಕಚೇರಿಗೆ ಹಣದ ಹೊಣೆ ಹೊತ್ತವರು ಅವರೇ. ಅವುಗಳಲ್ಲೊಂದರ ನಡುವೆ ವೃಂದವೆಲ್ಲ ತಗ್ಗಿ, ಪಿಟೀಲೊಂದೇ ಮೇಲೇಳುತ್ತದೆ, ಕೇಳಿಯೇ ತಿಳಿಯಬೇಕು.

ಪರೀಕ್ಷೆಯ ನೆಪದಿಂದ ಪೆಟ್ಟಿಗೆ ಸೇರಿದ ಪಿಟೀಲುಗಳು ನಮ್ಮ ಮನೆಗಳಲ್ಲೇ ಎಷ್ಟಿಲ್ಲ? ಮೆಟ್ರೋದಲ್ಲಿ ನಾಲ್ಕನೆಯ ನಿಲ್ದಾಣವೇ ಮಂಡಿ ಹೌಸ್. ಅಲ್ಲಿ ಇಂಥ ಕಚೇರಿಯಾದಾಗ ಮಕ್ಕಳನ್ನು ಕರೆದೊಯ್ಯೋಣ, ಮುಂದಿನ ಸಾಲಿನಲ್ಲೇ ಕೂರಿಸೋಣ. ಕಮಾನು ಹಿಡಿದ ಕೈಯನ್ನು ಹತ್ತಿರದಿಂದ ನೋಡಲಿ.