ಹೊರನಾಡಿನ ವಿದ್ಯಾರ್ಥಿವೇತನ



ಚಿತ್ತಾಪುರದ ಸಮೀಪದಲ್ಲಿರುವ ನಾಗಾವಿಯ ಶಾಸನವೊಂದು 1058ನೆಯ ಇಸವಿಯದು. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವ 200 ಮಂದಿಗೂ, ಶಾಸ್ತ್ರ ಓದುವ 52 ಮಂದಿಗೂ, ಅವರ ಉಪಾಧ್ಯಾಯರಿಗೂ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ದತ್ತಿ ಏರ್ಪಟ್ಟಿದ್ದುದನ್ನು ಅದು ತಿಳಿಸುತ್ತದೆ. ಓದುವವನ ಅನ್ನದ ಹೊಣೆಯನ್ನು ಮತ್ತೊಬ್ಬರು ಹೊರುವ ಏರ್ಪಾಡು ನಮ್ಮ ಸೀಮೆಗೆ ಹೊಸದಲ್ಲ. ಆ ದತ್ತಿಯ ಬಾಗಿಲು ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು.

ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಕಲ್ಲುಗಣಿಯ ಕೂಲಿಗಾರರ, ಸಿಮೆಂಟು ಕಾರ್ಖಾನೆಯ ಗುತ್ತಿಗೆಯಾಳುಗಳ, ತೊಗರಿ ಬೆಳೆಯುವವರ ಮಕ್ಕಳು ಪದವಿ ಮುಗಿಸಿ ಇಂಗ್ಲೆಂಡು ಜರ್ಮನಿಗಳ ಕಡೆಗೆ ನೋಡುತ್ತಿದ್ದಾರೆ. ಇವರ ಅರ್ಜಿಗಳು ಕೆಡುವುದು ಬುದ್ಧಿಯ ಕೊರತೆಯಿಂದಲ್ಲ, ಬಹುಮಟ್ಟಿಗೆ ಕಾಲದ ಲೆಕ್ಕ ತಪ್ಪುವುದರಿಂದ ಎಂಬುದು ನಮ್ಮ ಎಣಿಕೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೇ ತೆಗೆದುಕೊಳ್ಳೋಣ. 2024–25ರ ನಿಯಮದಂತೆ ಸ್ಥಾನಗಳು 125. ಅವುಗಳಲ್ಲಿ 115 ಪರಿಶಿಷ್ಟ ಜಾತಿಯವರಿಗೆ, 6 ಅಲೆಮಾರಿ ವರ್ಗಗಳವರಿಗೆ, 4 ಭೂಮಿಯಿಲ್ಲದ ಕೃಷಿಕೂಲಿಗಳ ಹಾಗೂ ಪರಂಪರೆಯ ಕುಶಲಕರ್ಮಿಗಳ ಮಕ್ಕಳಿಗೆ. ಪರಿಶಿಷ್ಟ ಪಂಗಡದವರಿಗೆ ಬೇರೆ ಇಲಾಖೆಯಿಂದ 20 ಸ್ಥಾನಗಳುಂಟು. ಕುಟುಂಬದ ವರ್ಷದ ಆದಾಯ 8 ಲಕ್ಷ ರೂಪಾಯಿಗಳನ್ನು ಮೀರಬಾರದು, ವಯಸ್ಸು 35 ದಾಟಿರಬಾರದು, ಪದವಿಯಲ್ಲಿ ನೂರಕ್ಕೆ 60 ಅಂಕ ಬಂದಿರಬೇಕು. ಇವೆಲ್ಲ ಇದ್ದರೂ ಸಾಲದು. ಹೆಸರಾಂತ ವಿದೇಶೀ ವಿಶ್ವವಿದ್ಯಾಲಯವೊಂದು ಯಾವ ಷರತ್ತೂ ಇಲ್ಲದೆ ಸೇರಿಸಿಕೊಳ್ಳುವೆವೆಂದು ಬರೆದುಕೊಟ್ಟ ಪತ್ರ ಮೊದಲೇ ಕೈಯಲ್ಲಿರಬೇಕು. ಹಣದ ಅರ್ಜಿಗೆ ಮೊದಲು ಸೀಟಿನ ಅರ್ಜಿ, ಅದಕ್ಕೂ ಮೊದಲು ಇಂಗ್ಲಿಷ್ ಪರೀಕ್ಷೆ, ಅದಕ್ಕೂ ಮೊದಲು ಪಾಸ್‌ಪೋರ್ಟ್. ಸೆಪ್ಟೆಂಬರಿನಲ್ಲಿ ತರಗತಿ ಸೇರಬೇಕೆಂಬವನು ಹಿಂದಿನ ವರ್ಷದ ಶ್ರಾವಣದಲ್ಲಿಯೇ ಕೆಲಸ ಹಿಡಿದಿರಬೇಕು.

ಕಾಗದಪತ್ರಗಳ ಗೋಳು ಬೇರೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮಲ್ಲಿಕಾರ್ಜುನ, ಆಧಾರಿನಲ್ಲಿ ಮಲ್ಲಪ್ಪ, ಪದವಿ ಪತ್ರದಲ್ಲಿ ತಂದೆಯ ಹೆಸರು ಬೇರೊಂದು ಅಕ್ಷರದಲ್ಲಿ: ಇಷ್ಟಾದರೆ ಸಾಕು, ತಿಂಗಳುಗಳು ಹೋಗುತ್ತವೆ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೂ ಜಾತಿ ಪ್ರಮಾಣಪತ್ರಕ್ಕೂ ಕೊನೆಯ ವಾರದಲ್ಲಿ ಓಡುವುದು ಸಲ್ಲದು.

ಇಂಗ್ಲೆಂಡಿನ ಚೀವನಿಂಗ್ ವೇತನವು ಜಾತಿ ಆದಾಯಗಳನ್ನು ಕೇಳದು. ಆದರೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷಗಳ, ದುಡಿಮೆಯ ಅನುಭವವನ್ನು ಕೇಳುತ್ತದೆ. ನಿನ್ನೆ ಪರೀಕ್ಷೆ ಮುಗಿಸಿದವನಿಗೆ ಅದು ಒದಗದು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕವಿಲ್ಲವೆಂದು ಕೇಳಿ ಹಿಗ್ಗುವವರು, ವರ್ಷದ ಊಟವಸತಿಗೆಂದು ಮುಂಗಡವಾಗಿ ಬ್ಯಾಂಕಿನಲ್ಲಿ ತೋರಿಸಬೇಕಾದ ಮೊತ್ತವು 2024ರಲ್ಲಿ 11,904 ಯೂರೋಗೆ ಏರಿತೆಂಬುದನ್ನೂ ಕೇಳಿರಬೇಕು.

ಇನ್ನು ಅರ್ಜಿಯೊಡನೆ ಬರೆಯಬೇಕಾದ ನಿವೇದನೆ. ನಮ್ಮ ಹುಡುಗರು ಇದರಲ್ಲಿ ಬಡತನವನ್ನೇ ಎರಡು ಪುಟ ಹಾಡುತ್ತಾರೆ. ಬಡತನಕ್ಕೆ ಆದಾಯದ ಪತ್ರವೇ ಸಾಕ್ಷಿ. ಇಲ್ಲಿ ಕೇಳುವುದು, ನೀನು ಏನನ್ನು ಅರಿಯಲು ಹೋಗುವೆ ಎಂದು. ಚಿಂಚೋಳಿಯ ಹುಡುಗಿ ತೊಗರಿಗೆ ತಗಲುವ ನೆಟೆ ರೋಗವನ್ನು ತಂದೆಯ ಹೊಲದಲ್ಲಿ ಕಂಡವಳು. ಶಹಾಬಾದಿನ ಹುಡುಗ ಗಣಿಯ ಧೂಳು ಎದೆಗಿಳಿದವರ ಕೆಮ್ಮನ್ನು ರಾತ್ರಿಯೆಲ್ಲ ಕೇಳಿದವನು. ಅದನ್ನು ಬರೆಯಲಿ; ಯಾವ ಅಧ್ಯಾಪಕರ ಬಳಿ, ಯಾವ ಪ್ರಶ್ನೆಯನ್ನು ಹಿಡಿದು ಕಲಿಯುವೆನೆಂಬುದನ್ನು ಬರೆಯಲಿ. ಎರವಲು ತಂದ ನಿವೇದನೆಯಲ್ಲಿ ಈ ಹೊಲವೂ ಇರದು, ಈ ಕೆಮ್ಮೂ ಇರದು.

ವೇತನ ಬಂದೇ ಬರುವುದೆಂದು ನಂಬಿ ಹೊಲ ಅಡವಿಡುವವರಿಗೆ ಒಂದು ಮಾತು. 2025ರಲ್ಲಿ ಸಾಗರೋತ್ತರ ವೇತನಕ್ಕೆ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ 40 ಮಂದಿಗೆ ಮಾತ್ರ ಪತ್ರ ಹೋಯಿತು. ಮಿಕ್ಕವರಿಗೆ ಹಣ ಒದಗಿದಂತೆ ಎಂಬ ಉತ್ತರ ದೊರೆಯಿತು. ಪಟ್ಟಿಯಲ್ಲಿ ಹೆಸರು ಬೇರೆ, ಮಂಜೂರಾತಿ ಬೇರೆ. ಎರಡನೆಯದು ಬರುವವರೆಗೆ ದಲ್ಲಾಳಿಗೆ ಒಂದು ಕಾಸೂ ಕೊಡಬಾರದು. ಸಾಗರೋತ್ತರ ವೇತನಕ್ಕಾಗಲಿ ಚೀವನಿಂಗಿಗಾಗಲಿ ಅರ್ಜಿಶುಲ್ಕವೇ ಇಲ್ಲ.

ಮಂಜೂರಾದ ಮೇಲೆ ಕರಾರು ಬರುತ್ತದೆ. 1913ರಲ್ಲಿ ಭೀಮರಾವ್ ಅಂಬೇಡ್ಕರರು ಬರೋಡೆಯ ಮಹಾರಾಜರಿಂದ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನ ಪಡೆದು ಕೊಲಂಬಿಯಾಕ್ಕೆ ಹೋದಾಗ, ಹಿಂದಿರುಗಿ ಹತ್ತು ವರ್ಷ ಆ ಸಂಸ್ಥಾನದ ಸೇವೆ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದ್ದರು. 1917ರಲ್ಲಿ ವೇತನದ ಅವಧಿ ತೀರಿತು, ಲಂಡನ್ನಿನ ಓದು ಅರ್ಧಕ್ಕೆ ನಿಂತಿತು. ಕೊಲ್ಲಾಪುರದ ಮಹಾರಾಜರ ನೆರವಿನಿಂದಲೂ ಸ್ನೇಹಿತರ ಸಾಲದಿಂದಲೂ ಅವರು ಮತ್ತೆ ಹೊರಟುದು 1920ರಲ್ಲಿ. ಈಗಿನ ಕರಾರುಗಳಲ್ಲಿಯೂ ಅವಧಿ ಎಷ್ಟು, ಮಧ್ಯದಲ್ಲಿ ಓದು ಬಿಟ್ಟರೆ ಮರಳಿಸಬೇಕಾದ ಹಣವೆಷ್ಟು, ಹಿಂದಿರುಗಬೇಕೆಂಬ ಷರತ್ತುಂಟೆ ಎಂಬುದನ್ನು ಸಾಲು ಸಾಲಾಗಿ ಓದಿಕೊಳ್ಳತಕ್ಕದ್ದು. ಜಾಮೀನಿಗೆ ಸಹಿ ಹಾಕಲು ಸೋದರಮಾವನನ್ನು ಕರೆತರುವುದಾದರೆ, ಅವನಿಗೂ ಆ ಪತ್ರವನ್ನು ಮೊದಲು ಕನ್ನಡದಲ್ಲಿ ಓದಿ ಹೇಳಬೇಕು.