ಇಟ್ಟಿಗೆಯ ಸಾಕ್ಷ್ಯ
(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಗೋಕಾಕ ಸಮೀಪದ ಕೊಣ್ಣೂರಿನಲ್ಲಿ ಜಿನಾಲಯಕ್ಕೆ ಸಂದ ದಾನವನ್ನು ರಟ್ಟರ ಕಾಲದ, ಕ್ರಿ.ಶ. 1087ರ ಶಾಸನವು ತಿಳಿಸುತ್ತದೆ. ಹಲಸಿಯಲ್ಲಿ ಕದಂಬ ಮೃಗೇಶವರ್ಮನು ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿದನೆಂಬುದಕ್ಕೆ ತಾಮ್ರಪಟವಿದೆ. ಅಕ್ಷರವಿದ್ದಲ್ಲಿ ಕಾಲನಿರ್ಣಯ ಸುಲಭ. ಅಕ್ಷರವಿಲ್ಲದ ಹಾಳು ದಿಬ್ಬದಲ್ಲಿ ಬರಿಯ ಇಟ್ಟಿಗೆಯ ಅಡಿಪಾಯ ಕಂಡರೆ ಯಾರನ್ನು ಕೇಳಬೇಕು? ಬೆಳಗಾವಿಯ ವಡಗಾವಿ-ಮಾಧವಪುರದ ಉತ್ಖನನದಲ್ಲಿ ಶಾತವಾಹನರ ಕಾಲದ ಇಟ್ಟಿಗೆಯ ಕಟ್ಟಡಗಳು ದೊರೆತಿವೆ. ಈ ನಾಡಿನಲ್ಲಿ ಇಟ್ಟಿಗೆ ಸುಡುವ ವಿದ್ಯೆ ನಿನ್ನೆಯದಲ್ಲ.

ಹಿಂದೆ ವಿದ್ವಾಂಸರು ಇಟ್ಟಿಗೆಯ ಉದ್ದಗಲಗಳನ್ನು ಅಳೆದು ಕಾಲವನ್ನು ಊಹಿಸುತ್ತಿದ್ದರು. ಶಾತವಾಹನರ ಇಟ್ಟಿಗೆ ಇಂದಿನದಕ್ಕಿಂತ ಬಹಳ ದೊಡ್ಡದು. ಆದರೆ ಅಳತೆಯೊಂದನ್ನೇ ನಂಬುವುದು ಚೀಲದ ಗಾತ್ರ ನೋಡಿ ಕಾಳಿನ ಬೆಲೆ ಕಟ್ಟಿದಂತೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಜ್ಞಾನಿಗಳು ಇನ್ನೊಂದು ಮಾರ್ಗವನ್ನು ಕಂಡುಕೊಂಡರು. ಅದಕ್ಕೆ ಥರ್ಮೋಲ್ಯೂಮಿನೆಸೆನ್ಸ್, ಅಂದರೆ ಉಷ್ಣದೀಪ್ತಿ ವಿಧಾನವೆಂದು ಹೆಸರು.

ಇದನ್ನು ಖಾತೆಯ ಲೆಕ್ಕದಿಂದ ತಿಳಿಯುವುದು ಸುಲಭ. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಿಂದ ಅತಿ ಸೂಕ್ಷ್ಮವಾದ ಕಿರಣಗಳು ಸದಾ ಹೊರಡುತ್ತಿರುತ್ತವೆ. ಬೆಣಚುಕಲ್ಲಿನ ಹರಳುಗಳು ಆ ಶಕ್ತಿಯನ್ನು ವರ್ಷವರ್ಷವೂ ಜಮೆ ಮಾಡಿಕೊಳ್ಳುತ್ತವೆ. ಭಟ್ಟಿಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಹಿಂದಿನ ಜಮೆಯೆಲ್ಲ ಚುಕ್ತಾ ಆಗಿ ಹೊಸ ಖಾತೆ ತೆರೆಯುತ್ತದೆ. ಶತಮಾನಗಳ ಮೇಲೆ ಪ್ರಯೋಗಾಲಯದಲ್ಲಿ ಆ ಹರಳನ್ನು ಮತ್ತೆ ಕಾಯಿಸಿದರೆ, ಕೂಡಿಟ್ಟ ಶಕ್ತಿಯು ಮಂದವಾದ ಬೆಳಕಾಗಿ ಹೊರಬರುತ್ತದೆ. ಆ ಬೆಳಕಿನಿಂದ ಒಟ್ಟು ಜಮೆ ಗೊತ್ತಾಗುತ್ತದೆ. ಅದನ್ನು ವರ್ಷದ ಜಮೆಯಿಂದ ಭಾಗಿಸಿದರೆ ಇಟ್ಟಿಗೆ ಸುಟ್ಟ ಕಾಲ ದೊರೆಯುತ್ತದೆ.

ಇಲ್ಲಿಯೇ ಎಚ್ಚರ ಬೇಕು. ವರ್ಷದ ಜಮೆಯು ಇಟ್ಟಿಗೆಯಿಂದ ಮಾತ್ರವಲ್ಲ, ಅದನ್ನು ಸುತ್ತುವರಿದ ಮಣ್ಣಿನಿಂದಲೂ ಬರುತ್ತದೆ. ಆ ಮಣ್ಣಿನ ತೇವವೂ ಲೆಕ್ಕಕ್ಕೆ ಸೇರುತ್ತದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಪಾಯವನ್ನು ಕಿತ್ತು, ಇಟ್ಟಿಗೆಗಳನ್ನು ಪುಡಿಮಾಡಿ ಹೊಸ ನೆಲದ ಕೆಳಗೆ ತುಂಬಿದರೆ ಜಮೆಯೂ ಹೋಯಿತು, ಬಡ್ಡಿಯ ದರವೂ ಹೋಯಿತು. ಗುಡಿಯ ಮೂಲೆಯಲ್ಲಿ ಭಕ್ತಿಯಿಂದ ಒಂದು ಇಟ್ಟಿಗೆಯನ್ನು ಎತ್ತಿಟ್ಟರೂ ಅದು ಸಿಕ್ಕ ಸ್ಥಳದ ಗುರುತಿಲ್ಲದಿದ್ದರೆ ಅರ್ಧ ಸಾಕ್ಷ್ಯವಷ್ಟೇ. ದಿನಾಂಕವಿಲ್ಲದ ಹುಂಡಿಯನ್ನು ಯಾವ ಪೇಟೆಯೂ ಒಪ್ಪುವುದಿಲ್ಲವಷ್ಟೆ! ಗುದ್ದಲಿ ಬೀಳುವ ಮುನ್ನ ಪುರಾತತ್ತ್ವ ಇಲಾಖೆಗೆ ಒಂದು ಪತ್ರ ಬರೆಯುವುದು, ಗೋಡೆಯಲ್ಲಿದ್ದಂತೆಯೇ ಛಾಯಾಚಿತ್ರ ತೆಗೆಸುವುದು, ಆಳವನ್ನು ಅಳೆದು ಬರೆದಿಡುವುದು: ಇವುಗಳಿಗೆ ತಗಲುವ ವೆಚ್ಚ ಒಂದು ಹೊತ್ತಿನ ಪ್ರಸಾದದ ವೆಚ್ಚಕ್ಕೂ ಸಮನಾಗದು. ನಮೂನೆಯನ್ನು ತಜ್ಞರೇ ತೆಗೆಯುತ್ತಾರೆ. ಬೆಳಕು ತಾಗಿದ ಹೊರಮೈಯನ್ನು ಕೆರೆದು ಬಿಟ್ಟು, ಒಳಗಿನ ಪುಡಿಯನ್ನು ಕತ್ತಲೆಯಲ್ಲಿಯೇ ಪರೀಕ್ಷಿಸುತ್ತಾರೆ.

ಇನ್ನು ಖನಿಜಗಳ ಮಾತು. ಕ್ಷ-ಕಿರಣದ ಪರೀಕ್ಷೆಯಿಂದ ಇಟ್ಟಿಗೆಯೊಳಗಿನ ಖನಿಜಗಳು ಯಾವುವೆಂದು ತಿಳಿಯುತ್ತದೆ. ಹುಕ್ಕೇರಿ, ಮೂಡಲಗಿ ಕಡೆಗಳ ಕರಿಮಣ್ಣು ಕಪ್ಪು ಬಸಾಲ್ಟ್ ಶಿಲೆ ಕರಗಿ ಆದದ್ದು. ಆ ಶಿಲೆಯಲ್ಲಿ ಬೆಣಚು ಅತ್ಯಲ್ಪ. ಗೋಕಾಕದ ಜಲಪಾತವು ಧುಮುಕುವ ಬಂಡೆಯಾದರೋ ಮರಳುಗಲ್ಲು, ಬೆಣಚಿನ ಭಂಡಾರ. ಆದುದರಿಂದ ಇಟ್ಟಿಗೆಯ ಮಣ್ಣು ಯಾವ ಕಡೆಯದೆಂದು ಹರಳುಗಳೇ ಸೂಚಿಸಬಲ್ಲವು. ಕೆಂಪು ಬಣ್ಣ ಕಬ್ಬಿಣದ ಅಂಶದ್ದು. ಸುಣ್ಣದ ಖನಿಜವು 800 ಡಿಗ್ರಿಗೆ ಮೇಲ್ಪಟ್ಟು ಒಡೆದುಹೋಗುವುದರಿಂದ, ಅದು ಮೂಲಸ್ಥಿತಿಯಲ್ಲಿಯೇ ಉಳಿದಿದ್ದರೆ ಭಟ್ಟಿಯ ಬೆಂಕಿ ಅಷ್ಟು ಏರಿರಲಿಲ್ಲವೆಂದು ತರ್ಕಿಸಬಹುದು. ಆದರೆ ಮಳೆನೀರಿನೊಡನೆ ಬಂದು ಆಮೇಲೆ ಸೇರಿದ ಸುಣ್ಣವೂ ಇರಬಹುದಾದುದರಿಂದ ಅವಸರದ ತೀರ್ಪು ಸಲ್ಲದು. ಕರಿಮಣ್ಣಿನಲ್ಲಿರುವ ಸುಣ್ಣದ ಹರಳನ್ನು ಆರಿಸದೆ ಸುಟ್ಟರೆ, ಮುಂದೆ ನೀರು ತಾಗಿದಾಗ ಅದು ಉಬ್ಬಿ ಇಟ್ಟಿಗೆಯನ್ನೇ ಸೀಳುತ್ತದೆ. ಇದನ್ನು ಭಟ್ಟಿಯವರು ವಿಜ್ಞಾನಿಗಳಿಗಿಂತ ಮೊದಲೇ ಬಲ್ಲರು.

ಈ ವಿಧಾನಕ್ಕೂ ಮಿತಿಯುಂಟು. ನೂರಕ್ಕೆ ಐದರಿಂದ ಹತ್ತರಷ್ಟು ವ್ಯತ್ಯಾಸ ಸಹಜ. ಸಾವಿರ ವರ್ಷದ ಇಟ್ಟಿಗೆಯಲ್ಲಿ ಅದು ಐವತ್ತರಿಂದ ನೂರು ವರ್ಷ. ಆದಕಾರಣ ಕೊಣ್ಣೂರಿನಂತೆ ಶಾಸನವಿದ್ದೆಡೆ ಶಾಸನವೇ ಮೇಲು. ಮತ್ತೊಂದು ತೊಡಕಿದೆ: ಪರೀಕ್ಷೆಯು ಹೇಳುವುದು ಇಟ್ಟಿಗೆ ಸುಟ್ಟ ಕಾಲವನ್ನು, ಗೋಡೆ ಕಟ್ಟಿದ ಕಾಲವನ್ನಲ್ಲ. ಹಿಂದಿನವರೂ ಮಿತವ್ಯಯಿಗಳು; ಬಿದ್ದ ಕಟ್ಟಡದ ಇಟ್ಟಿಗೆಯನ್ನು ಹೊಸದಕ್ಕೆ ಬಳಸುವುದುಂಟು. ಆದುದರಿಂದಲೇ ತಜ್ಞರು ಒಂದು ಇಟ್ಟಿಗೆಯಿಂದ ತೃಪ್ತರಾಗದೆ, ಗೋಡೆಯ ಬೇರೆ ಬೇರೆ ವರಸೆಗಳಿಂದ ಹಲವು ನಮೂನೆಗಳನ್ನು ಕೇಳುತ್ತಾರೆ.